ಹತ್ತು ಎಣಿಸುವ ಅಂಗೈ

ಆ ಹದಿನೈದು ಎಚ್‌ಪಿ ಮೋಟಾರು ನನಗೆ ಒಂದು ಸುತ್ತಿನ ತಾಮ್ರ, ಎತ್ತಿಟ್ಟಿದ್ದ ಒಂದು ಒಳ್ಳೆಯ ಮೋಟಾರು, ಹನ್ನೆರಡು ವರ್ಷ ನನ್ನ ಪಕ್ಕದಲ್ಲಿ ಕೂತು ಕೆಲಸ ಮಾಡಿದ ಒಬ್ಬ ಮನುಷ್ಯ, ಇಷ್ಟರ ಬೆಲೆಗೆ ಬಿತ್ತು. ತಾಮ್ರ ಮತ್ತು ಮೋಟಾರಿನ ಮಾತು ಬಿಡಿ, ವ್ಯಾಪಾರ ಅಂದಮೇಲೆ ಹೋಗುತ್ತೆ, ಬರುತ್ತೆ. ಮನುಷ್ಯ ಹೋದದ್ದು ಯಾಕೆ ಅಂದರೆ, ಅರ್ಧ ದಿನದ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುವ ಒಂದು ಉಪಾಯ ನಮಗೆ ಗೊತ್ತಿತ್ತು. ಅದು ಉಪಾಯವಲ್ಲ ಎಂದು ಒಬ್ಬರು ಹೇಳಿದ್ದರು. ನಾವು ತಲೆಯಾಡಿಸಿ ನಮ್ಮ ಕೆಲಸ ನಾವು ಮಾಡಿದ್ದೆವು.

ಟಿ. ದಾಸರಹಳ್ಳಿಯಲ್ಲಿ, ಮುಖ್ಯ ರಸ್ತೆಯಿಂದ ಎರಡು ಗಲ್ಲಿ ಒಳಗೆ, ನನ್ನದೊಂದು ಶೆಡ್ಡು. ಸುಟ್ಟ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತುವುದು ನಮ್ಮ ಕೆಲಸ. ಗಿರಾಕಿ ಹಿಡಿಯುವುದು, ರೇಟು ಮಾತಾಡುವುದು, ತಾಮ್ರ ತರುವುದು ನನ್ನ ಪಾಲು. ಕಾಯಿಲ್ ಹಾಕುವುದು ಮೇಸ್ತ್ರಿಯ ಪಾಲು. ಅವನು ಓದಿದ್ದು ಆರನೇ ತರಗತಿ, ನಾನು ಎಂಟು. ಆ ಎರಡು ತರಗತಿಯ ವ್ಯತ್ಯಾಸದಲ್ಲಿ ನಾನು ಓನರ್ ಆದೆ ಎಂದು ಅವನು ಬಂದವರ ಮುಂದೆಲ್ಲ ತಮಾಷೆ ಮಾಡುತ್ತಿದ್ದ. ಡಿಪ್ಲೊಮಾ ಮುಗಿಸಿ ಕೆಲಸ ಕೇಳಿಕೊಂಡು ಬಂದವರ ಕೈಗೆ ಅವನು ಒಂದು ಸುಟ್ಟ ಮೋಟಾರು ಕೊಟ್ಟು, "ಇದ್ರ ಸುತ್ತು ಎಷ್ಟು ಅಂತ ನೋಡ್ದಂಗೇ ಹೇಳು ಗುರು" ಅನ್ನುತ್ತಿದ್ದ. ಅವರು ಪೆನ್ನು ಹುಡುಕುವಷ್ಟರಲ್ಲಿ ಇವನು ಬೆರಳಲ್ಲಿ ಅಳೆದು ಸಂಖ್ಯೆ ಹೇಳಿಬಿಡುತ್ತಿದ್ದ. ಕಿತ್ತು ಎಣಿಸಿದರೆ ಅಷ್ಟೇ ಇರುತ್ತಿತ್ತು. ನಾನು ಹೆಮ್ಮೆಯಿಂದ ನಗುತ್ತಿದ್ದೆ.

ತುಮಕೂರು ರಸ್ತೆಯ ಮೇಲೆ ಮೆಟ್ರೋ ಓಡಾಡಲು ಶುರುವಾಗಿ ಒಂದು ವರ್ಷವಾಗಿತ್ತು. ಬೇಸಿಗೆ ಕಾಲಿಡುತ್ತಿದ್ದ ಹೊತ್ತಿನಲ್ಲಿ ಕೆಂಪಾಪುರದ ಹಿಟ್ಟಿನ ಗಿರಣಿಯ ಮೋಟಾರು ಬಂತು. ಗಿರಣಿ ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಏರ್‌ಪೋರ್ಟ್ ರಸ್ತೆ ಅಗಲವಾಗುವುದಕ್ಕೆ ಎಷ್ಟೋ ಮೊದಲಿನಿಂದ ಅಲ್ಲೇ ಇದ್ದ ಊರ ಮನೆತನ. ಗೂಡ್ಸ್ ಆಟೋದಲ್ಲಿ ಮೋಟಾರಿನ ಪಕ್ಕದಲ್ಲೇ ಕೂತು, ಹೆಬ್ಬಾಳ, ಬಿಇಎಲ್ ಸರ್ಕಲ್, ಜಾಲಹಳ್ಳಿ ದಾಟಿ ಬಂದಿದ್ದರು. ಇಳಿಯುತ್ತಲೇ ಚೌಕಾಸಿ.

"ಎರಡು ವರ್ಸದ ಇಂದೆ ನೀವೇ ಸುತ್ತಿದ್ದು. ಇಷ್ಟು ಬೇಗ ಓಯ್ತಲ್ಲ. ಅದ್ಕೇನು ಕಡ್ಮೆ ಮಾಡ್ತೀರಾ ಏಳಿ."

"ಅಮ್ಮಾ, ಎರಡು ವರ್ಷ ಅಂದ್ರೆ ಗಿರಣಿ ಮೋಟಾರಿಗೆ ಜಾಸ್ತಿನೇ. ಹೋದ ಸಲ ಒಂದು ಫೇಸ್ ಹೋಗಿ ಸುಟ್ಟಿತ್ತು. ಈ ಸಲ ಏನೋ ಲೋಡು."

"ಲೋಡೇನು, ಅದೇ ರಾಗಿ, ಅದೇ ಮೆಣಸಿನ್‌ಕಾಯಿ. ನಾನೇನು ಕಲ್ ಬೀಸ್ತೀನಾ?"

ಮೇಸ್ತ್ರಿ ನಕ್ಕ. ನಾನು ಸ್ವಲ್ಪ ಇಳಿಸಿದೆ, ಅವರು ಸ್ವಲ್ಪ ಏರಿದರು, ಒಪ್ಪಂದವಾಯಿತು. ಹೋಗುವಾಗ ಒಂದು ಮಾತು ಹೇಳಿದರು. "ಬೇಗ ಕೊಡಿ. ಈ ಎರಡು ತಿಂಗ್ಳೇ ನಮ್ಗೆ ಕಾಲ. ಮನೆಮನೆಯವರೂ ವರ್ಸದ ಸಾಂಬಾರ್ ಪುಡಿ ಮಾಡ್ಸೋದು ಈಗ್ಲೇ. ಈಗ ನಿಂತ್ರೆ ನಮ್ ಮೈದುನ ಅಂಗಡೀನ ಮೊಬೈಲ್ ಶಾಪ್‌ಗೆ ಬಾಡಿಗೆ ಕೊಡ್ತೀನಿ ಅಂತ ಕುಂತವ್ನೆ." ಗಿರಣಿಯ ಕಟ್ಟಡ ಅವರಿಗೂ ಮೈದುನನಿಗೂ ಸೇರಿದ್ದು. ಕಲ್ಲು ತಿರುಗುವಷ್ಟು ದಿನ ಮಾತ್ರ ಅವನು ಸುಮ್ಮನಿರುತ್ತಾನೆ ಎಂಬುದು ಅವರ ನಡುವಿನ ಕರಾರು.

ನಮ್ಮ ಕೆಲಸ ಹೇಗೆ ನಡೆಯುತ್ತಿತ್ತು ಎಂದು ಇಲ್ಲಿ ಹೇಳಬೇಕು, ಯಾಕೆಂದರೆ ತಪ್ಪು ಅದರಲ್ಲೇ ಇತ್ತು. ಮೋಟಾರಿನಲ್ಲಿ ತಿರುಗುವ ಭಾಗವನ್ನು ಹೊರಗೆಳೆದರೆ ಉಳಿಯುವುದು ಸ್ಟೇಟರ್. ದಪ್ಪ ಬಳೆಯಂಥ ಕಬ್ಬಿಣ, ಒಳಮೈಯಲ್ಲಿ ಸುತ್ತಲೂ ನಾವು ಗಾಡಿ ಅನ್ನುವ ಉದ್ದನೆಯ ತೋಡುಗಳು. ಆ ಗಾಡಿಗಳಲ್ಲಿ ತಾಮ್ರದ ತಂತಿ ಕೂತಿರುತ್ತದೆ. ವಾರ್ನಿಷ್ ಕುಡಿದು ಕಲ್ಲಾದ ತಂತಿ, ಸುಲಭಕ್ಕೆ ಬರುವುದಿಲ್ಲ. ಉಳಿಯಿಂದ ಎರಡೂ ಬದಿಗೆ ಚಾಚಿದ ತಂತಿಯ ತಲೆ ಕಡಿದು, ಒಂದೊಂದೇ ಗಾಡಿಯಿಂದ ತಣ್ಣಗಿರುವಾಗಲೇ ಎಳೆದರೆ ಅರ್ಧ ದಿನ ಬೇಕು, ಅಂಗೈ ಹರಿಯುತ್ತದೆ. ನಾವು ಶೆಡ್ಡಿನ ಹಿಂದೆ ನಾಲ್ಕು ಇಟ್ಟಿಗೆ ಇಟ್ಟು, ಸ್ಟೇಟರನ್ನು ಅದರ ಮೇಲೆ ನಿಲ್ಲಿಸಿ, ಒಳಗೆ ಸೀಮೆಎಣ್ಣೆಯ ಬಟ್ಟೆ ತುರುಕಿ ಬೆಂಕಿ ಹಚ್ಚುತ್ತಿದ್ದೆವು. ಅರ್ಧ ಗಂಟೆಯಲ್ಲಿ ವಾರ್ನಿಷ್ ಬೂದಿ. ಕೊಕ್ಕೆ ಹಾಕಿದರೆ ತಂತಿ ಬಾಳೆನಾರಿನಂತೆ ಬಂದುಬಿಡುತ್ತಿತ್ತು. ಆಮೇಲೆ ಗಾಡಿಯಲ್ಲಿ ಅಂಟಿದ ಕರಿಯನ್ನು ಅರದಲ್ಲಿ ಉಜ್ಜಿ ತೆಗೆಯುವುದು. ಏರಿಯಾದಲ್ಲಿ ಬಹಳ ಜನ ಹೀಗೇ ಮಾಡುತ್ತಿದ್ದರು. ನಾಳೆ ಕೊಡ್ತೀನಿ ಎಂದು ನಾನು ಗಿರಾಕಿಗೆ ಧೈರ್ಯವಾಗಿ ಹೇಳುತ್ತಿದ್ದದ್ದು ಆ ಬೆಂಕಿಯ ಬಲದಿಂದ.

ಹೊಸ ತಂತಿ ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ, ಖಾಲಿ ಓಡಿಸಿ ನೋಡುವುದು. ಟಾಂಗ್ ಟೆಸ್ಟರ್ ಹಾಕಿ ಕರೆಂಟು ನೋಡುತ್ತಿದ್ದೆವು. ಆದರೆ ನಮ್ಮ ನಿಜವಾದ ಪರೀಕ್ಷೆ ಅಂಗೈ. ಒಂದು ಗಂಟೆ ಓಡಿದ ಮೇಲೆ ಮೇಸ್ತ್ರಿ ಮೋಟಾರಿನ ಮೈಮೇಲೆ ಅಂಗೈ ಒತ್ತಿ ನಿಧಾನವಾಗಿ ಎಣಿಸುತ್ತಿದ್ದ. ಹತ್ತರವರೆಗೆ ಕೈ ನಿಂತರೆ ಮೋಟಾರು ಪಾಸು. ಹತ್ತರೊಳಗೆ ಕೈ ತೆಗೆದರೆ ಮತ್ತೆ ಬಿಚ್ಚುವುದು. ಗಿರಣಿ ಮೋಟಾರಿನ ಮೇಲೂ ಎಣಿಸಿದ. ಟೆಸ್ಟರಿನಲ್ಲಿ ಕರೆಂಟು ಎಂದಿಗಿಂತ ಒಂದೂವರೆ ಆಂಪಿಯರ್ ಜಾಸ್ತಿ ತೋರಿಸುತ್ತಿತ್ತು. "ಸಂಜೆ ವೋಲ್ಟೇಜ್ ಜಾಸ್ತಿ ಇರತ್ತೆ ಬಿಡು" ಅಂದ. ಎಂಟು, ಒಂಬತ್ತು, ಹತ್ತು. ಬಿಲ್ ಬರೆದೆ.

ಹತ್ತೊಂಬತ್ತು ದಿನಕ್ಕೆ ಮೋಟಾರು ವಾಪಸ್ ಬಂತು. ಜೊತೆಗೆ ಗಿರಣಿಯಮ್ಮನೂ.

"ನಾನು ಮೂರ್ನೇ ದಿನಾನೇ ಫೋನ್ ಮಾಡಿ ಏಳಿದ್ನಲ್ಲ, ಕಾಯ್ತಾ ಐತೆ ಅಂತ. ಕೈ ಇಟ್ರೆ ಮೂರು ಎಣ್ಸಕಾಗಲ್ಲ."

ಮೇಸ್ತ್ರಿ ತಂತಿ ಸುತ್ತುತ್ತಲೇ ಹೇಳಿದ, "ಅಮ್ಮಾ, ಹಿಟ್ಟು ಮುಟ್ಟೋ ಕೈ ಅದು, ಹೂವಿನಂಗಿರತ್ತೆ. ಮೋಟಾರ್ ಮುಟ್ಟೋಕೆ ನಮ್ ಕೈ ಬೇಕು." ಪಕ್ಕದ ಲೇತ್ ಶೆಡ್ಡಿನವರು ಇಬ್ಬರು ನಿಂತಿದ್ದರು, ನಕ್ಕರು. ನಾನೂ ನಕ್ಕೆ. ಅವರು ನಗಲಿಲ್ಲ. ಸೆರಗಿನಲ್ಲಿ ಅಂಗೈ ಒರೆಸಿಕೊಂಡು, "ಹೂವಂತೆ" ಅಂದರು, ಅಷ್ಟೇ.

ದೂರು ಬಂದರೆ ಮೊದಲು ಗಿರಾಕಿಯ ತಪ್ಪು ಹುಡುಕುವುದು ನಮ್ಮ ಕಸುಬಿನ ಅಭ್ಯಾಸ. ನಾನೇ ಕೆಂಪಾಪುರಕ್ಕೆ ಹೋದೆ. ಮೂರೂ ಫೇಸಿನ ವೋಲ್ಟೇಜ್ ನೋಡಿದೆ, ಸರಿಯಿತ್ತು. ಸ್ಟಾರ್ಟರಿನ ಕಾಂಟ್ಯಾಕ್ಟ್ ಬಿಚ್ಚಿ ನೋಡಿದೆ, ಚೊಕ್ಕವಾಗಿತ್ತು. ಬೆಲ್ಟು ತುಸು ಬಿಗಿ ಅನ್ನಿಸಿತು. ಸಿಕ್ಕಿತಲ್ಲ ಕಾರಣ ಎಂದು ಸಮಾಧಾನವಾಯಿತು. "ಬೆಲ್ಟ್ ಟೈಟ್ ಮಾಡ್ಬಿಟ್ಟಿದೀರ ಅಮ್ಮಾ" ಅಂದೆ. ಅವರು ಹಿಟ್ಟಿನ ತೊಟ್ಟಿಯಲ್ಲಿ ಉಳಿದಿದ್ದ ಹಿಂದಿನ ದಿನದ ರಾಗಿಹಿಟ್ಟನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು.

"ಕಲ್ಲು ಜಾಸ್ತಿ ಒತ್ತಿದ್ರೆ ಇಟ್ಟು ಬಿಸಿಯಾಗಿ ಬೀಳ್ತದೆ, ರುಚಿ ಕೆಡ್ತದೆ. ಬೆರಳಿಗೇ ಗೊತ್ತಾಗ್ತದೆ. ಮೂವತ್ತು ವರ್ಸದಿಂದ ಇದೇ ನೋಡ್ತಾ ಬಂದಿವ್ನಿ. ಲೋಡು ಜಾಸ್ತಿ ಇದ್ದಿದ್ರೆ ಇಟ್ಟೇ ಏಳೋದು. ಇಟ್ಟು ಸರ್ಯಾಗೈತೆ, ಮೋಟಾರು ಸರಿಯಿಲ್ಲ."

ಇದಕ್ಕಿಂತ ಸ್ಪಷ್ಟವಾಗಿ ಯಾವ ಇಂಜಿನಿಯರೂ ನನಗೆ ಹೇಳಲಾರ. ಆದರೆ ನಾನು ಬೆಲ್ಟು ಸಡಿಲಿಸಿ, ಉಪಕಾರ ಮಾಡಿದವನಂತೆ "ಈ ಸಲ ಫ್ರೀ ಸುತ್ತಿ ಕೊಡ್ತೀನಿ" ಅಂದು ಬಂದೆ. ಮತ್ತೆ ಅದೇ ಇಟ್ಟಿಗೆ, ಅದೇ ಬೆಂಕಿ. ಮತ್ತೆ ಹತ್ತು ಎಣಿಕೆ.

ಆ ಸಲ ಹನ್ನೆರಡೇ ದಿನ.

ಆ ಬೇಸಿಗೆಯಲ್ಲಿ ಮೂರನೆಯ ಸಲ ಬಿಚ್ಚಿದಾಗ ನನಗೆ ಒಳಗೊಳಗೇ ಏನೋ ಕೊರೆಯಿತು. ಸುಟ್ಟ ಜಾಗ. ಕನೆಕ್ಷನ್ ಡಬ್ಬ ನಮ್ಮ ಕಡೆ ಇದ್ದರೆ ಎಡಗಡೆ ಕೆಳಗೆ ಮೂರು ಗಾಡಿ. ಹೋದ ಸಲವೂ ಅಲ್ಲೇ. ಅದರ ಹಿಂದಿನ ಸಲವೂ ಅಲ್ಲೇ ಎಂದು ನೆನಪಿತ್ತು. ತಂತಿ ಹೊಸದು, ಗಾಡಿಯೊಳಗೆ ಹಾಸುವ ಪೇಪರು ಹೊಸದು, ವಾರ್ನಿಷ್ ಹೊಸದು. ಪ್ರತಿ ಸಲ ಅದೇ ಮೂರು ಗಾಡಿ ಯಾಕೆ? ಮೇಸ್ತ್ರಿಗೆ ತೋರಿಸಿದೆ. ಅವನೂ ನೋಡಿದ, ಮುಖ ತಿರುಗಿಸಿ "ಹಣೇಬರಹ" ಅಂದ. ಗಿರಣಿಯಮ್ಮ ಈ ಸಲ ಬಂದಿರಲಿಲ್ಲ, ಮೋಟಾರು ಕಳಿಸಿ ಫೋನ್ ಮಾಡಿದ್ದರು. "ಸೋಮವಾರದೊಳಗೆ ಕಲ್ಲು ತಿರುಗ್ಲಿಲ್ಲ ಅಂದ್ರೆ ಮೈದುನ ಶಟ್ರಿನವ್ರನ್ನ ಕರೆಸ್ತಾನಂತೆ. ಮೊಬೈಲ್ ಶಾಪಿನವ್ರು ಅಡ್ವಾನ್ಸು ಇಡ್ಕೊಂಡು ನಿಂತವ್ರೆ." ಅಂದು ಶುಕ್ರವಾರ.

ಮೇಸ್ತ್ರಿ ಎರಡೂ ಬದಿಯ ತಲೆ ಕಡಿದು, ಸೀಮೆಎಣ್ಣೆಯ ಕ್ಯಾನು ತರಲು ಎದ್ದ ಹೊತ್ತಿಗೆ ಶೆಡ್ಡಿನ ಬಾಗಿಲಲ್ಲಿ ಲೆಕ್ಚರರ್ ಒಬ್ಬರು ನಿಂತಿದ್ದರು. ಸಹಕಾರನಗರದವರು, ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಿಕಲ್ ಪಾಠ ಮಾಡುವವರು. ಮನೆಯ ಸಂಪಿನ ಒಂದು ಎಚ್‌ಪಿ ಪಂಪು ರಿಪೇರಿಗೆ ಕೊಟ್ಟಿದ್ದರು, ತೆಗೆದುಕೊಂಡು ಹೋಗಲು ಬಂದಿದ್ದರು. ಕೊಡುವಾಗಲೇ "ದಯವಿಟ್ಟು ಬೆಂಕಿ ಹಾಕಿ ಬಿಚ್ಚಬೇಡಿ" ಅಂದಿದ್ದರು. "ಆಯ್ತು ಸಾರ್" ಅಂದಿದ್ದೆ. ಅಂಥ ಆಯ್ತು ಸಾರ್‌ಗಳು ನನ್ನ ಬಾಯಲ್ಲಿ ದಿನಕ್ಕೆ ಇಪ್ಪತ್ತು ಬರುತ್ತಿದ್ದವು.

ಅವರ ಕಣ್ಣು ಕ್ಯಾನಿನ ಮೇಲೆ ಬಿತ್ತು. "ಇದನ್ನ ಸುಡ್ತೀರಾ?"

"ಸುಡದೆ ಪೂಜೆ ಮಾಡ್ಬೇಕಾ ಸಾರ್?" ಅಂದ ಮೇಸ್ತ್ರಿ.

"ಎಷ್ಟನೇ ಸಲ ಇದು?"

ಎರಡು ವರ್ಷದ ಹಿಂದಿನದೂ ಸೇರಿ ನಾಲ್ಕನೇ ಸಲ ಎಂದು ಹೇಳಿದೆ. ಅದೇ ಜಾಗದಲ್ಲಿ ಮತ್ತೆಮತ್ತೆ ಸುಡುವ ಸಂಗತಿಯನ್ನೂ ಬಾಯಿ ತಪ್ಪಿ ಹೇಳಿದೆ. ಅವರು ಬ್ಯಾಗು ಕೆಳಗಿಟ್ಟರು. ಪಾಠ ಶುರುವಾಯಿತು ಅಂದುಕೊಂಡೆ, ಆದರೆ ಚಿಕ್ಕದಾಗಿಯೇ ಹೇಳಿದರು. ಈ ಕಬ್ಬಿಣ ಒಂದೇ ಗಟ್ಟಿಯಲ್ಲ, ನೂರಾರು ತೆಳು ತಗಡುಗಳನ್ನು ಇಸ್ಪೀಟು ಕಟ್ಟಿನಂತೆ ಒತ್ತಿ ಮಾಡಿದ್ದು. ಒಂದೊಂದು ತಗಡಿನ ಮೇಲೂ ಕಣ್ಣಿಗೆ ಕಾಣದಷ್ಟು ತೆಳುವಾದ ಲೇಪ ಇರುತ್ತದೆ. ಅದು ಒಂದು ತಗಡಿನಿಂದ ಇನ್ನೊಂದಕ್ಕೆ ಕರೆಂಟು ಹರಿಯದಂತೆ ತಡೆಯುತ್ತದೆ. ಬಯಲು ಬೆಂಕಿಯಲ್ಲಿ ಲೇಪ ಸುಟ್ಟುಹೋಗುತ್ತದೆ, ಅರ ಹಾಕಿ ಉಜ್ಜಿದರೆ ತಗಡಿನ ಅಂಚುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಕಬ್ಬಿಣವೇ ಒಲೆಯಾಗುತ್ತದೆ. ಮೇಲೆ ಎಂಥ ತಂತಿ ಸುತ್ತಿದರೂ ಒಲೆಯ ಮೇಲೆ ಇಟ್ಟ ಹಾಗೆ.

"ಪುಸ್ತಕದಲ್ಲಿ ಬರ್ದಿರ್ತಾರೆ ಸಾರ್," ಅಂದೆ. "ನಾವು ಹನ್ನೆರಡು ವರ್ಷದಿಂದ ಸುಟ್ಕೊಂಡೇ ಬಂದಿದೀವಿ. ಓಡ್ತಾ ಇಲ್ವಾ?"

"ಓಡ್ತಾವೆ. ಎಷ್ಟು ದಿನ, ಎಷ್ಟು ಬಿಸಿ, ಎಷ್ಟು ಕರೆಂಟು ತಿಂದು? ನೋಡಿದೀರಾ? ಪರೀಕ್ಷೆ ಮಾಡೋದಕ್ಕೆ ದಾರಿ ಇದೆ. ಒಂದು ಗಂಟೆ ಕೆಲಸ."

ನನ್ನೊಳಗಿನ ವ್ಯಾಪಾರಿ ಎಚ್ಚರವಾದ. "ಸರಿ ಸಾರ್, ಮಾಡಿ ತೋರ್ಸಿ. ನೀವು ಹೇಳಿದ್ದು ನಿಜ ಆದ್ರೆ ನಿಮ್ ಪಂಪಿನ ಮಜೂರಿ ಬಿಟ್ಟೆ. ಸುಳ್ಳಾದ್ರೆ ಡಬಲ್."

ಅವರು ಅಂಗಿಯ ತೋಳು ಮಡಚಿದರು.

ಸ್ಟೇಟರಿನ ಒಳಗಿನಿಂದ ಹೊರಗಿನವರೆಗೆ, ಬಳೆಗೆ ದಾರ ಸುತ್ತಿದಂತೆ, ಕೇಬಲ್ಲನ್ನು ಇಪ್ಪತ್ತು ಸುತ್ತು ಸುತ್ತಬೇಕು. ಅದಕ್ಕೆ ಲೆಕ್ಕ ಹಾಕಿದಷ್ಟೇ ವೋಲ್ಟೇಜ್ ಕೊಡಬೇಕು. ಒಳಗಿನ ಕಾಯಿಲ್ ಇಲ್ಲದೆಯೇ ಕಬ್ಬಿಣ ಕೆಲಸ ಮಾಡುವ ಸ್ಥಿತಿಗೆ ಬರುತ್ತದೆ, ಆಗ ಎಲ್ಲಿ ಬಿಸಿಯಾಗುತ್ತದೆ ಎಂದು ನೋಡುವುದು. ವೋಲ್ಟೇಜ್ ಏರಿಳಿಸುವ ಡಿಮ್ಮರನ್ನು ಪಕ್ಕದ ಶೆಡ್ಡಿನಿಂದ ತಂದೆ. ಲೆಕ್ಚರರ್ ಸ್ಕೇಲು ಹಿಡಿದು ಅಳೆದು, ಪೇಪರಿನಲ್ಲಿ ಗುಣಿಸಿ, ಒಂದು ಅಂಕಿ ಹೇಳಿದರು. ನಾನು ಡಿಮ್ಮರ್ ತಿರುಗಿಸಿದೆ. ಅವರು ಹೇಳಿದ ಅಂಕಿ ಬರುವ ಮೊದಲೇ ಸ್ಟೇಟರು ಜೇನುಗೂಡಿನಂತೆ ಗುಯ್‌ಗುಟ್ಟತೊಡಗಿತು, ಕೇಬಲ್ಲು ಮೆತ್ತಗಾಯಿತು. ಆ ಸದ್ದು ನನಗೆ ಗೊತ್ತು, ಕಬ್ಬಿಣಕ್ಕೆ ಅದರ ಹೊಟ್ಟೆಗಿಂತ ಜಾಸ್ತಿ ತಿನ್ನಿಸಿದಾಗ ಬರುವ ಸದ್ದು.

"ಸಾರ್, ನಿಮ್ ಲೆಕ್ಕ ತಪ್ಪು," ಅಂದು ಸ್ವಿಚ್ ಆರಿಸಿದೆ. ಮೇಸ್ತ್ರಿಗೆ ಹಬ್ಬ. "ಡಬಲ್, ಡಬಲ್!" ಅಂದ.

ಅವರು ಪೇಪರು ನೋಡಿದರು, ಸ್ಟೇಟರು ನೋಡಿದರು. ಕಿವಿ ಕೆಂಪಾಯಿತು. "ಗಾಡಿಯ ಆಳ ಕಳೀಬೇಕಿತ್ತು. ಗಾಡಿಗಳ ನಡುವಿನ ಹಲ್ಲಿನ ತುದಿಯಿಂದ ಅಳೆದ್ಬಿಟ್ಟೆ. ಕ್ಲಾಸಿನ ಲೆಕ್ಕದಲ್ಲಿ ಆ ಅಳತೆ ಕೊಟ್ಟೇ ಇರ್ತಾರೆ, ನಾನು ಯಾವತ್ತೂ ಅಳೆದಿರಲಿಲ್ಲ." ನನಗೆ ಅವರ ಮೇಲೆ ಗೌರವ ಬಂದದ್ದು ಆಗ. ತಪ್ಪನ್ನು ಅಷ್ಟು ಬೇಗ, ಅಷ್ಟು ಜನರ ಮುಂದೆ ಒಪ್ಪಿಕೊಂಡವರನ್ನು ನಮ್ಮ ಶೆಡ್ಡಿನಲ್ಲಿ ನಾನು ಕಂಡಿರಲಿಲ್ಲ. ಮತ್ತೆ ಅಳೆದರು, ಮೊದಲಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನ ಅಂಕಿ ಬಂತು. ಈ ಸಲ ಸದ್ದು ಹದವಾಗಿತ್ತು.

ಇಪ್ಪತ್ತು ನಿಮಿಷ ಕಾದೆವು. ಟೀ ತರಿಸಿದೆ. ಕರೆಂಟು ಆರಿಸಿ, ಮೊದಲು ಲೆಕ್ಚರರ್ ಕೈಯನ್ನು ಒಳಗೆ ಹಾಕಿ ಸುತ್ತಲೂ ಸವರಿದರು. ಬಲಗಡೆ ಮೇಲೆ, ಬೆಚ್ಚಗೆ. ಎಡಗಡೆ ಕೆಳಗೆ ಬಂದಾಗ ಹಾವು ಮುಟ್ಟಿದವರಂತೆ ಕೈ ಎಳೆದುಕೊಂಡರು. ಎರಡರವರೆಗೂ ಎಣಿಸಲಾಗಲಿಲ್ಲ. ಆಮೇಲೆ ನಾನು. ಅದೇ ಮೂರು ಗಾಡಿ. ಒಂದು, ಎರಡು, ಮೂರು, ನಾಲ್ಕು, ಐದು, ತೆಗೆದೆ.

"ಎಲ್ಲಿ, ತೋರ್ಸು" ಅಂದು ಮೇಸ್ತ್ರಿ ಕೈ ಇಟ್ಟ. ಅದೇ ಜಾಗ. ಒಂದು, ಎರಡು, ನಿಧಾನವಾಗಿ, ಎಂದಿನಂತೆ. ಏಳು. ಎಂಟು. ಅವನ ಮುಖದಲ್ಲಿ ಏನೂ ಇರಲಿಲ್ಲ. ಒಂಬತ್ತು. ಹತ್ತು.

"ಏನೂ ಇಲ್ವಲ್ಲ," ಅಂದ.

ನಾನು ಅವನ ಕೈ ಹಿಡಿದು ತಿರುಗಿಸಿ ನೋಡಿದೆ. ಹನ್ನೆರಡು ವರ್ಷ ಪಕ್ಕದಲ್ಲಿದ್ದೂ ನಾನು ಆ ಅಂಗೈಯನ್ನು ನೋಡಿರಲಿಲ್ಲ. ಬಿಸಿ ತಂತಿ, ವಾರ್ನಿಷ್, ಬೆಂಕಿಯಿಂದ ಎತ್ತಿದ ಕಬ್ಬಿಣ, ಎಲ್ಲ ಸೇರಿ ಅದನ್ನು ಚಪ್ಪಲಿಯ ಅಟ್ಟೆ ಮಾಡಿದ್ದವು. ನಮ್ಮ ಶೆಡ್ಡಿನಿಂದ ಹೊರಗೆ ಹೋದ ಪ್ರತಿಯೊಂದು ಮೋಟಾರೂ ಪಾಸಾದದ್ದು ಈ ಕೈಯಲ್ಲಿ. ಗಿರಣಿಯಮ್ಮನ ಕೈ ಮೂರಕ್ಕೆ ಹೇಳಿದ್ದನ್ನು ಈ ಕೈ ಹತ್ತಕ್ಕೂ ಹೇಳಲಿಲ್ಲ.

ಮೇಸ್ತ್ರಿ ಒಪ್ಪಲಿಲ್ಲ. "ಯಾವ್ ಕಬ್ಬಿಣಕ್ಕೆ ಹಿಂಗೆ ಕರೆಂಟ್ ಕೊಟ್ರೂ ಬಿಸಿ ಆಗತ್ತೆ." ನ್ಯಾಯವಾದ ಮಾತೇ. ಶೆಡ್ಡಿನ ಮೂಲೆಯಲ್ಲಿ, ಹರಾಜಿನಿಂದ ತಂದ ಹದಿನೈದು ಎಚ್‌ಪಿಯ ಇನ್ನೊಂದು ಮೋಟಾರಿತ್ತು, ಕಂಪನಿಯ ಸುತ್ತು, ಒಮ್ಮೆಯೂ ಬಿಚ್ಚದ್ದು. ಒಳ್ಳೆಯ ಗಿರಾಕಿ ಬರಲಿ ಎಂದು ಇಟ್ಟುಕೊಂಡಿದ್ದೆ. ತಂತಿ ಮುಟ್ಟದೆ, ತಿರುಗುವ ಭಾಗವನ್ನಷ್ಟೇ ಹೊರಗೆಳೆದು ಅದೇ ಪರೀಕ್ಷೆ ಮಾಡಿದೆವು. ಸುತ್ತಲೂ ಒಂದೇ ಸಮ ಬೆಚ್ಚಗಿತ್ತು, ಮಗುವಿನ ಮೈಯಂತೆ. ಆಮೇಲೆ, ಕೇಳಬಾರದಿತ್ತೇನೋ, ಸುಟ್ಟು ಸಾಫ್ ಮಾಡಿ ತಂತಿಗೆ ಕಾಯುತ್ತಿದ್ದ ನಾಲ್ಕು ಸ್ಟೇಟರುಗಳನ್ನೂ ಒಂದೊಂದಾಗಿ ನೋಡೋಣ ಅಂದೆ. ಮೂರರಲ್ಲಿ ಕೈ ಇಡಲಾಗದ ಜಾಗಗಳಿದ್ದವು.

ಲೆಕ್ಚರರ್ ಗೆದ್ದ ಮುಖ ಮಾಡಲಿಲ್ಲ. ತಮ್ಮ ಪಂಪನ್ನು ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತರು. "ಇದಕ್ಕೂ ಬೆಂಕಿ ಹಾಕಿದ್ರಾ?"

ನನ್ನ ಕಣ್ಣು ಶೆಡ್ಡಿನ ಹಿಂದಿನ ಇಟ್ಟಿಗೆಗಳ ಕಡೆ ಹೋಯಿತು. ಅವರೂ ಅತ್ತ ನೋಡಿದರು. ಮಜೂರಿಯನ್ನು ಮೇಜಿನ ಮೇಲೆ ಇಟ್ಟೇ ಹೋದರು.

ಆಮೇಲೆ ನಾನು ಮೇಸ್ತ್ರಿಗೆ, ಇನ್ನು ಬೆಂಕಿ ಬೇಡ ಅಂದೆ. ಹೇಳಿದ ರೀತಿ ತಪ್ಪಿತ್ತೇನೋ, ಈಗಲೂ ಯೋಚಿಸುತ್ತೇನೆ.

"ಅಂದ್ರೆ ಇಷ್ಟು ವರ್ಷ ನಾನು ಎಲ್ಲಾ ಹಾಳ್ ಮಾಡ್ದೆ ಅಂತೀಯ."

"ನೀನಲ್ಲ ಕಣೋ, ನಾವು."

"ನಾವು ಅಂತ ಈಗ ಬಂತಾ ಓನರ್? ಈ ಕೈ ನಂಬ್ಕೊಂಡೇ ತಾನೆ ನೀನು ಹನ್ನೆರಡು ವರ್ಷ ಬಿಲ್ ಬರ್ದಿದ್ದು? ಅವತ್ತೆಲ್ಲ ಈ ಕೈ ಬೇಕಿತ್ತು. ಇವತ್ತು ಯಾವನೋ ಸ್ಕೇಲ್ ಹಿಡ್ಕೊಂಡು ಬಂದ, ಅಳತೆ ಮಾಡೋಕೂ ಬರಲ್ಲ ಅವ್ನಿಗೆ, ಅವ್ನ ಮಾತು ಕೇಳಿ ನನ್ ಕೈ ತಿರುಗಿಸಿ ನೋಡ್ತೀಯ, ದನದ ಹಲ್ಲು ನೋಡ್ದಂಗೆ."

ಅವನು ಸ್ವಲ್ಪ ತಣ್ಣಗಾಗಿ, ವ್ಯವಹಾರದ ದನಿಯಲ್ಲಿ ಹೇಳಿದ. "ಸರಿ, ಹೋಗ್ಲಿ. ಗಿರಣಿ ಅಮ್ಮಂಗೆ ಮೋಟಾರ್ ಹಳೇದಾಯ್ತು, ಆಯಸ್ಸು ಮುಗೀತು ಅಂತ ಹೇಳು. ಹೊಸದು ಕೊಡ್ಸು. ನಿಂಗೂ ಏನೋ ಉಳಿಯತ್ತೆ, ನಮ್ ಮರ್ಯಾದೇನೂ ಉಳಿಯತ್ತೆ." ಅಷ್ಟು ಹೇಳಿ ತನ್ನ ಇಕ್ಕಳ, ಕತ್ತರಿ, ಬಿದಿರಿನ ಕಡ್ಡಿಗಳ ಕಟ್ಟು ಚೀಲಕ್ಕೆ ಹಾಕಿಕೊಂಡ. ಬೆಳಿಗ್ಗೆ ಬರ್ತಾನೆ ಅಂದುಕೊಂಡೆ. ಬರಲಿಲ್ಲ.

ಶನಿವಾರ ಮೂಲೆಯಲ್ಲಿದ್ದ ಆ ಮೋಟಾರನ್ನು ಗೂಡ್ಸ್ ಆಟೋಗೆ ಹಾಕಿಸಿ ಕೆಂಪಾಪುರಕ್ಕೆ ಹೊರಟೆ. ದಾರಿಯುದ್ದಕ್ಕೂ ಮೇಸ್ತ್ರಿ ಹೇಳಿಕೊಟ್ಟ ವಾಕ್ಯವನ್ನೇ ಅಭ್ಯಾಸ ಮಾಡಿದೆ, ನಿಜ ಹೇಳಬೇಕೆಂದೇ ಹೊರಟಿದ್ದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಹಳೆಯ ಮೋಟಾರು, ಆಯಸ್ಸು ಮುಗಿದಿದೆ, ಇದು ಒಳ್ಳೆಯದು, ನಿಮಗೆಂದೇ ಇಷ್ಟಕ್ಕೆ ಬಿಡ್ತೀನಿ. ರೇಟನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ, ಎಷ್ಟಕ್ಕೆ ಶುರು ಮಾಡಿ ಎಷ್ಟಕ್ಕೆ ಇಳಿಯಬೇಕು ಎಂಬುದನ್ನೂ.

ಗಿರಣಿಯ ಮುಂದೆ ಮೈದುನ ಒಬ್ಬರ ಜೊತೆ ಟೇಪು ಹಿಡಿದು ಬಾಗಿಲಿನ ಅಗಲ ಅಳೆಯುತ್ತಿದ್ದ. ಶಟ್ರಿನವರು ಸೋಮವಾರಕ್ಕೂ ಕಾದಿರಲಿಲ್ಲ. ಗಿರಣಿಯಮ್ಮ ಒಳಗೆ ನಿಂತ ಕಲ್ಲಿನ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು. ಗೋಡೆಗೆ ಸಾಲಾಗಿ ಜನರು ಬಿಟ್ಟುಹೋದ ಡಬ್ಬಗಳು, ಮೆಣಸಿನಕಾಯಿ ಘಾಟು.

ಮೈದುನ ನನ್ನನ್ನೇ ಸಾಕ್ಷಿಗೆ ಕರೆದ. "ಬನ್ನಿ ಸಾರ್, ನೀವೇ ಏಳಿ ನಮ್ ಅತ್ಗೆಗೆ. ಅಳೇ ಮೋಟಾರು, ಅಳೇ ಕಲ್ಲು. ಎಷ್ಟು ಸಲ ಅಂತ ರಿಪೇರಿ? ಇದ್ರ ಕಾಲ ಮುಗೀತು ಅಲ್ವಾ?"

ನಾನು ಅಭ್ಯಾಸ ಮಾಡಿಕೊಂಡು ಬಂದ ವಾಕ್ಯವೇ ಅವನ ಬಾಯಲ್ಲಿತ್ತು. ಹೌದು ಅಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಅಲ್ಲಿಗೇ ಆ ಗಿರಣಿಯ ಬಾಗಿಲಿಗೆ ಶಟರೂ ಬೀಳುತ್ತಿತ್ತು. ಗಿರಣಿಯಮ್ಮ ನನ್ನನ್ನು ನೋಡುತ್ತಿರಲಿಲ್ಲ. ತಮ್ಮ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದರು.

"ಮೋಟಾರು ಹಳೇದಾಗಿ ಹೋಗಿಲ್ಲ," ಅಂದೆ. "ನಾವು ಹಾಳು ಮಾಡಿದ್ದು. ಬೆಂಕಿ ಹಾಕಿ ಬಿಚ್ಚಿ ಬಿಚ್ಚಿ ಕಬ್ಬಿಣ ಕೆಡಿಸಿದೀವಿ. ಗಿರಣಿಯಲ್ಲಿ ಏನೂ ದೋಷ ಇಲ್ಲ, ಬೆಲ್ಟಲ್ಲೂ ಇರಲಿಲ್ಲ. ಅಮ್ಮ ಮೂರನೇ ದಿನಾನೇ ಹೇಳಿದ್ರು. ಬೇರೆ ಮೋಟಾರ್ ತಂದಿದೀನಿ."

ಮೈದುನ ಟೇಪನ್ನು ಸರ್ರನೆ ಒಳಗೆ ಬಿಟ್ಟ. ಗಿರಣಿಯಮ್ಮ ಎದ್ದು ಬಂದರು. ಥ್ಯಾಂಕ್ಸ್ ಹೇಳುತ್ತಾರೆ ಎಂದು ನಾನು ಅಂದುಕೊಂಡಿದ್ದರೆ ನನ್ನಷ್ಟು ದಡ್ಡ ಇಲ್ಲ.

"ಅವತ್ತು ನಾಕು ಜನದ ಮುಂದೆ ನಗಾಡಿದ್ರಲ್ಲ. ಇವತ್ತೂ ನಾಕು ಜನ ಅವ್ರೆ. ಇನ್ನೊಂದು ಸಲ ಏಳಿ, ಜೋರಾಗಿ."

ಹೇಳಿದೆ. ರಸ್ತೆಯಲ್ಲಿ ಡಬ್ಬ ಹಿಡಿದು ನಿಂತಿದ್ದವರಿಗೂ ಕೇಳಿಸುವಷ್ಟು.

ಮೋಟಾರು ಕೂರಿಸಿ, ಪುಲ್ಲಿ ನೇರ ಹಿಡಿದು, ಬೆಲ್ಟು ಹಾಕಿ, ಸ್ಟಾರ್ಟರ್ ಒತ್ತಿದೆ. ಎರಡು ಗಂಟೆ ಎಡೆಬಿಡದೆ ರಾಗಿ ಓಡಿತು. ಆಮೇಲೆ ಅವರೇ ಬಂದು ಮೋಟಾರಿನ ಮೇಲೆ ಅಂಗೈ ಇಟ್ಟು ಎಲ್ಲರಿಗೂ ಕೇಳುವಂತೆ ಎಣಿಸಿದರು. ಹತ್ತಕ್ಕೆ ನಿಲ್ಲಿಸಲಿಲ್ಲ. ಹದಿನೈದು, ಇಪ್ಪತ್ತು. ನನ್ನ ಮುಖ ನೋಡುತ್ತಲೇ ಎಣಿಸಿದರು.

"ಇದು ನಂದು. ಆ ಸುಟ್ಟ ಕಬ್ಬಿಣ ನಿಮ್ದು," ಅಂದರು. ನಾನು ಚೌಕಾಸಿ ಮಾಡಲಿಲ್ಲ. ಬುದ್ಧಿ ಬಂದ ಮೇಲೆ ಅದೇ ಮೊದಲ ಸಲ ಇರಬೇಕು.

ಗಿರಣಿ ಆ ಬೇಸಿಗೆ ದಾಟಿತು, ಆಮೇಲೂ ಹಲವು ಬೇಸಿಗೆ ದಾಟಿತು. ಆದರೆ ಅವರು ಮತ್ತೆ ನನಗೆ ಕೆಲಸ ಕೊಡಲಿಲ್ಲ. ಒಮ್ಮೆ ಆ ಕಡೆ ಹೋದಾಗ ಬೇರೆ ಅಂಗಡಿಯವರು ಮೆಣಸಿನಕಾಯಿ ಕುಟ್ಟುವ ಮಷೀನಿನ ಮೋಟಾರು ಇಳಿಸುತ್ತಿದ್ದರು. ಅವರು ನನ್ನನ್ನು ನೋಡಿ ತಲೆಯಾಡಿಸಿದರು, ನಾನೂ ತಲೆಯಾಡಿಸಿ ಮುಂದೆ ಹೋದೆ. ಲೆಕ್ಚರರ್ ಮಾತ್ರ ಎರಡು ಸಲ ಬಂದು, ತಾಪ ಒಂದು ಮಿತಿ ದಾಟದಂತೆ ವಾರ್ನಿಷ್ ಮೆತ್ತಗಾಗಿಸುವ ಹೀಟರಿನ ಪೆಟ್ಟಿಗೆ ಮಾಡಿಸಿಕೊಟ್ಟರು. ಅವರ ಪಂಪಿಗೆ ಹೊಸ ಪಂಪು ಕೊಡುತ್ತೇನೆ ಅಂದೆ. "ಅದು ಸುಡೋವರೆಗೆ ನೋಡ್ತೀನಿ, ಕ್ಲಾಸಿನಲ್ಲಿ ಹೇಳೋಕೆ ಬೇಕು" ಅಂದರು. ತಮಾಷೆಯೋ ಅಲ್ಲವೋ ತಿಳಿಯಲಿಲ್ಲ.

ಮೇಸ್ತ್ರಿ ಮುಂದಿನ ಗಲ್ಲಿಯಲ್ಲೇ ಶೆಡ್ಡು ಹಾಕಿದ. ದಿನಾ ನಾಲ್ಕು ಗಂಟೆಯ ಸುಮಾರಿಗೆ ಅಲ್ಲಿಂದ ಕರಿ ಹೊಗೆ ಏಳುತ್ತದೆ. ಅವನು ನಾಳೆ ಕೊಡ್ತಾನೆ, ನಾನು ಮೂರು ದಿನ ಕೇಳ್ತೀನಿ. ಗಿರಾಕಿ ಎಲ್ಲಿಗೆ ಹೋಗ್ತಾರೆ ಅಂತ ಹೇಳಬೇಕಿಲ್ಲ. ಅವನಷ್ಟು ಚೊಕ್ಕವಾಗಿ ಕಾಯಿಲ್ ಹಾಕುವ ಕೈ ನನಗೆ ಮತ್ತೆ ಸಿಕ್ಕಿಲ್ಲ. ಆ ಕೈಗೆ ಗೊತ್ತಿದ್ದದ್ದು ಯಾವ ಪಾಲಿಟೆಕ್ನಿಕ್ಕಿನಲ್ಲೂ ಸಿಗುವುದಿಲ್ಲ. ಆ ಕೈಗೆ ಗೊತ್ತಿಲ್ಲದ್ದೇನು ಎಂದು ಆ ಕೈಯೇ ಹೇಳಲಾರದಾಗಿತ್ತು. ಹನ್ನೆರಡು ವರ್ಷದಲ್ಲಿ ಹೊರಗೆ ಹೋದ ಮೋಟಾರುಗಳು ಎಷ್ಟೋ, ಯಾರ ಯಾರ ಬಾವಿಯಲ್ಲಿ, ಕಾರ್ಖಾನೆಯಲ್ಲಿ ಒಲೆಯಂತೆ ಕಾಯುತ್ತಿವೆಯೋ. ಕರೆದು ವಾಪಸ್ ತರಿಸಲು ವಿಳಾಸಗಳಿಲ್ಲ.

ನಿಮ್ಮ ಮನೆಯ ಪಂಪು ಸುಟ್ಟರೆ, ರೇಟು ಕೇಳುವ ಮೊದಲು ಹಳೆಯ ತಂತಿ ಹೇಗೆ ತೆಗೀತೀರಿ ಎಂದು ಕೇಳಿ. "ಆಯ್ತು ಸಾರ್" ಎಂಬ ಉತ್ತರಕ್ಕೆ ಬೆಲೆಯಿಲ್ಲ, ಶೆಡ್ಡಿನ ಹಿಂದೆ ಹೋಗಿ ನೋಡಿ, ಕರಿ ಹಿಡಿದ ಇಟ್ಟಿಗೆ ಕಂಡರೆ ಮೋಟಾರು ಎತ್ತಿಕೊಂಡು ಬನ್ನಿ. ನಾಳೆಯೇ ಕೊಡ್ತೀನಿ ಅನ್ನುವವನ ಹತ್ತಿರ ಅಲ್ಲ, ಎರಡು ದಿನ ಜಾಸ್ತಿ ಕೇಳುವವನ ಹತ್ತಿರ ಚೌಕಾಸಿ ಮಾಡಿ. ಮೋಟಾರು ಹೊಸದಿರುವಾಗಲೇ ಖಾಲಿ ಓಡುವಾಗ ಎಷ್ಟು ಆಂಪಿಯರ್ ತಗೊಳ್ಳುತ್ತದೆ ಎಂದು ಬರೆಸಿ ಗೋಡೆಗೆ ಅಂಟಿಸಿ. ರಿಪೇರಿಯಾಗಿ ಬಂದ ದಿನ ಮತ್ತೆ ನೋಡಿಸಿ. ಜಾಸ್ತಿ ಇದ್ದರೆ ವೋಲ್ಟೇಜಿನ ಕಥೆ ನಂಬಬೇಡಿ. ಎರಡನೇ ಸಲವೂ ಸುಟ್ಟರೆ ಸುಟ್ಟ ಜಾಗದ ಫೋಟೋ ತೆಗೆದಿಟ್ಟುಕೊಳ್ಳಿ.

ಕೊನೆಗೆ, ನೀವೇ ಕೈ ಇಟ್ಟು ನೋಡಿ. ಮೆಕ್ಯಾನಿಕ್ಕು "ಏನೂ ಬಿಸಿ ಇಲ್ಲ" ಅಂದರೆ ವಾದ ಮಾಡಬೇಡಿ. ಅವನ ಅಂಗೈ ತೋರಿಸಲು ಹೇಳಿ.